ಎರಡು ರೂಟರ್, ಎರಡು ನೆಟ್‌ವರ್ಕ್: ಒಂದರಿಂದ ಇನ್ನೊಂದಕ್ಕೆ ದಾರಿ ಮಾಡುವುದು ಹೇಗೆ?

"ಮನೆಯಲ್ಲಿ ಎರಡು ರೂಟರ್ ಇವೆ. ಈ ಕಡೆ ಕಂಪ್ಯೂಟರ್‌ಗೆ ಆ ಕಡೆ ಪ್ರಿಂಟರ್ ಕಾಣಿಸ್ತಿಲ್ಲ. ಏನು ಮಾಡಲಿ?"

ಈ ಪ್ರಶ್ನೆ ನನಗೆ ಎಷ್ಟು ಸಲ ಬಂದಿದೆಯೋ ಲೆಕ್ಕ ಇಟ್ಟಿಲ್ಲ. ಪ್ರತಿ ಸಲ ತುಂಡು ತುಂಡಾಗಿ ಉತ್ತರ ಕೊಟ್ಟು ಸಾಕಾಯಿತು, ಅದಕ್ಕೇ ಒಂದೇ ಕಡೆ ಪೂರ್ತಿ ಬರೆಯುತ್ತಿದ್ದೇನೆ. ಕೆಲಸ ಅಂಥ ಕಷ್ಟದ್ದಲ್ಲ. ಆದರೆ ಅವಸರ ಮಾಡಿದರೆ ಇರುವ ಇಂಟರ್ನೆಟ್ಟೂ ಹೋಗಿ ಕೂರಬೇಕಾಗುತ್ತದೆ.

ಶುರು ಮಾಡುವ ಮುಂಚೆ ಒಂದು ಮಾತು. ನಾನು ನೋಡಿದ ಮಟ್ಟಿಗೆ ಜನ ಎಡವುವುದು ಒಂದೇ ಜಾಗದಲ್ಲಿ. ಹೋಗುವ ದಾರಿಯನ್ನು ಎಲ್ಲರೂ ಸರಿ ಮಾಡುತ್ತಾರೆ, ವಾಪಸ್ ಬರುವ ದಾರಿಯನ್ನು ಮರೆಯುತ್ತಾರೆ. ನಿಮ್ಮ ಕಂಪ್ಯೂಟರ್ ಕಳಿಸಿದ ಪ್ಯಾಕೆಟ್, ಅಂದರೆ ಡೇಟಾದ ಚಿಕ್ಕ ಕಟ್ಟು, ಎಷ್ಟೋ ಸಲ ಆ ಕಡೆ ಸರಿಯಾಗಿಯೇ ತಲುಪಿರುತ್ತದೆ. ಉತ್ತರಕ್ಕೆ ಮಾತ್ರ ಈ ಕಡೆ ಬರುವ ದಾರಿ ಗೊತ್ತಿರುವುದಿಲ್ಲ. ನಮಗೆ ಕಾಣುವುದು ಬರೀ "ಕನೆಕ್ಟ್ ಆಗ್ತಿಲ್ಲ" ಅನ್ನೋದಷ್ಟೇ. ಕೆಳಗಿನ ಪ್ರತಿ ಹಂತದಲ್ಲೂ "ಸರಿ, ಉತ್ತರ ಹೇಗೆ ವಾಪಸ್ ಬರುತ್ತೆ?" ಅಂತ ಒಮ್ಮೆ ಕೇಳಿಕೊಳ್ಳಿ.

1. ನಿಮಗೆ ನಿಜವಾಗಿ ಎರಡು ನೆಟ್‌ವರ್ಕ್ ಬೇಕಾ?

ತುಂಬಾ ಜನಕ್ಕೆ ಬೇಕಿಲ್ಲ. ದೂರದ ಕೋಣೆಗೆ ವೈಫೈ ಸಿಗಲಿ ಅಂತ ಇನ್ನೊಂದು ರೂಟರ್ ತಂದು, ಅದರ ವ್ಯಾನ್ ಪೋರ್ಟಿಗೆ ಕೇಬಲ್ ಚುಚ್ಚಿರುತ್ತಾರೆ ಅಷ್ಟೆ. ವ್ಯಾನ್ ಪೋರ್ಟ್ ಅಂದರೆ ಹೊರಗಿನ ಸಂಪರ್ಕ ಬರುವ ಕಿಂಡಿ, ಸಾಮಾನ್ಯವಾಗಿ ಬೇರೆ ಬಣ್ಣದಲ್ಲಿ ಇರುತ್ತದೆ. ಮನೆಯೊಳಗಿನ ಸಾಧನಗಳಿಗೆ ಇರುವ ಉಳಿದ ಕಿಂಡಿಗಳು ಲ್ಯಾನ್ ಪೋರ್ಟ್‌ಗಳು. ವ್ಯಾನ್‌ಗೆ ಚುಚ್ಚಿದ ಕೂಡಲೇ ಎರಡನೇ ರೂಟರ್ ತನ್ನದೇ ಬೇರೆ ಸಂಸಾರ ಹೂಡುತ್ತದೆ. ನೀವು ಕೇಳಿರಲಿಲ್ಲ, ಆದರೂ ಎರಡು ನೆಟ್‌ವರ್ಕ್ ಆಗಿಹೋಯಿತು.

ನಿಮ್ಮದು ಈ ಕೇಸ್ ಆಗಿದ್ದರೆ ಕೆಲಸ ಹತ್ತು ನಿಮಿಷದ್ದು. ಎರಡನೇ ರೂಟರ್‌ನಲ್ಲಿ "ಆಕ್ಸೆಸ್ ಪಾಯಿಂಟ್ ಮೋಡ್" (ಬೇರೆ ನೆಟ್‌ವರ್ಕ್ ಮಾಡದೆ ವೈಫೈ ಮಾತ್ರ ಹರಡುವ ಆಯ್ಕೆ) ಇದ್ದರೆ ಅದನ್ನು ಆರಿಸಿ, ಮುಗಿಯಿತು. ಇಲ್ಲದಿದ್ದರೆ ಮೂರು ಕೆಲಸ ಮಾಡಿ. ಅದರ ಲ್ಯಾನ್ ಅಡ್ರೆಸ್ಸನ್ನು ಮೊದಲ ರೂಟರ್‌ನ ಸಾಲಿಗೇ ಸೇರುವ ಖಾಲಿ ನಂಬರ್‌ಗೆ ಬದಲಾಯಿಸಿ (ಮೊದಲನೆಯದು 192.168.1.1 ಇದ್ದರೆ ಇದಕ್ಕೆ 192.168.1.2). ಅದರ ಡಿಎಚ್‌ಸಿಪಿ ಆಫ್ ಮಾಡಿ. ಕೇಬಲ್ಲನ್ನು ವ್ಯಾನ್‌ನಿಂದ ಕಿತ್ತು ಲ್ಯಾನ್ ಪೋರ್ಟಿಗೆ ಹಾಕಿ. ಡಿಎಚ್‌ಸಿಪಿ ಅಂದರೆ ಹೊಸದಾಗಿ ಬಂದ ಸಾಧನಕ್ಕೆ ತಾನಾಗಿಯೇ ಐಪಿ ಅಡ್ರೆಸ್ (ನೆಟ್‌ವರ್ಕ್‌ನಲ್ಲಿ ಆ ಸಾಧನವನ್ನು ಗುರುತಿಸುವ ನಂಬರ್) ಹಂಚುವ ವ್ಯವಸ್ಥೆ. ಒಂದೇ ನೆಟ್‌ವರ್ಕ್‌ನಲ್ಲಿ ಇಬ್ಬರು ಹಂಚಲು ನಿಂತರೆ ಒಂದು ದಿನ ಎಲ್ಲ ಸರಿ, ಮರುದಿನ ಯಾವುದೋ ಒಂದು ಫೋನ್‌ಗೆ ಇಂಟರ್ನೆಟ್ ಇಲ್ಲ, ಅಂಥ ತಲೆಕೆಡಿಸುವ ಕಾಟ ಶುರುವಾಗುತ್ತದೆ. ಆದ್ದರಿಂದ ಅದನ್ನು ಆಫ್ ಮಾಡುವುದನ್ನು ಮರೆಯಬೇಡಿ.

ಇನ್ನು ನಿಜವಾಗಿಯೂ ಬೇರೆ ಬೇರೆ ಇರಲೇಬೇಕು ಅನ್ನುವವರು. ಆಫೀಸ್ ಕೆಲಸದ ಯಂತ್ರಗಳು ಒಂದು ಕಡೆ, ಮಕ್ಕಳ ಸಾಧನ, ಕ್ಯಾಮೆರಾ, ಟೀವಿ ಇನ್ನೊಂದು ಕಡೆ. ಅಥವಾ ಮೇಲಿನ ಮಹಡಿಯವರದ್ದು ಒಂದು, ಕೆಳಗಿನವರದ್ದು ಇನ್ನೊಂದು. ಬೇರೆಯಾಗಿಯೇ ಇರಬೇಕು, ಆದರೆ ಒಂದೆರಡು ಸಾಧನ ಎರಡೂ ಕಡೆಗೆ ಸಿಗಬೇಕು. ಮುಂದಿನದೆಲ್ಲ ನಿಮಗೇ.

2. ಏನೇನು ಬೇಕು

ಎರಡೂ ರೂಟರ್‌ಗಳ ಅಡ್ಮಿನ್ ಪಾಸ್‌ವರ್ಡ್ ಬೇಕು. ವೈಫೈ ಪಾಸ್‌ವರ್ಡ್ ಅಲ್ಲ, ಸೆಟ್ಟಿಂಗ್ಸ್ ಪುಟದೊಳಗೆ ಹೋಗುವ ಪಾಸ್‌ವರ್ಡ್. ಒಂದು ನೆಟ್‌ವರ್ಕ್ ಕೇಬಲ್ ಬೇಕು, ಕ್ಯಾಟ್ 5ಇ ಆದರೂ ಸಾಕು, 100 ಮೀಟರ್‌ವರೆಗೆ ಸೆಕೆಂಡಿಗೆ 1 ಗಿಗಾಬಿಟ್ ಓಡುತ್ತದೆ. ಕೇಬಲ್ ಪೋರ್ಟ್ ಇರುವ ಲ್ಯಾಪ್‌ಟಾಪ್ ಇದ್ದರೆ ಒಳ್ಳೆಯದು. ವೈಫೈ ಮೂಲಕ ಸೆಟ್ಟಿಂಗ್ಸ್ ಬದಲಾಯಿಸುವಾಗ ಮಧ್ಯದಲ್ಲಿ ಸಂಪರ್ಕ ಕಳಚಿ, ಫೋನ್ ಸುಮ್ನೆ ಪಕ್ಕದ ವೈಫೈಗೆ ಹೋಗಿ ಕೂತು, ನೀವು ಯಾವ ರೂಟರ್ ಪುಟ ನೋಡುತ್ತಿದ್ದೀರಿ ಅನ್ನುವುದೇ ಗೊತ್ತಾಗದ ಪರಿಸ್ಥಿತಿ ಬರುತ್ತದೆ.

ಮುಖ್ಯವಾಗಿ ಒಂದು ಹಾಳೆ, ಒಂದು ಪೆನ್. ತಮಾಷೆ ಅಲ್ಲ. ಇಡೀ ಕೆಲಸದಲ್ಲಿ ಆರೇಳು ನಂಬರ್ ನೆನಪಿಡಬೇಕು, ಎಲ್ಲವೂ ನೋಡಲು ಒಂದೇ ಥರ.

ಈ ಲೇಖನದಲ್ಲಿ ಇಂಟರ್ನೆಟ್‌ಗೆ ನೇರ ಸೇರಿರುವುದನ್ನು ದೊಡ್ಡ ರೂಟರ್ ಅನ್ನುತ್ತೇನೆ, ಅದರ ಹಿಂದೆ ಇರುವುದನ್ನು ಚಿಕ್ಕ ರೂಟರ್. ಹಾಳೆಯಲ್ಲಿ ಹೀಗೆ ಬರೆದುಕೊಳ್ಳಿ:

ದೊಡ್ಡ ರೂಟರ್‌ನ ಲ್ಯಾನ್ ಅಡ್ರೆಸ್: 192.168.1.1
ಚಿಕ್ಕ ರೂಟರ್‌ನ ವ್ಯಾನ್ ಅಡ್ರೆಸ್: 192.168.1.2
ಚಿಕ್ಕ ರೂಟರ್‌ನ ಲ್ಯಾನ್ ಅಡ್ರೆಸ್: 192.168.2.1
ಎಲ್ಲದಕ್ಕೂ ಸಬ್‌ನೆಟ್ ಮಾಸ್ಕ್: 255.255.255.0

ಸಬ್‌ನೆಟ್ ಮಾಸ್ಕ್ ಏನು ಹೇಳುತ್ತದೆ ಅಂದರೆ, ಅಡ್ರೆಸ್‌ನ ಮೊದಲ ಮೂರು ನಂಬರ್ ಬೀದಿ, ಕೊನೆಯದು ಮನೆ. ಒಂದು ಬೀದಿಯಲ್ಲಿ 254 ಸಾಧನಗಳಿಗೆ ಜಾಗ. ಕಂಪ್ಯೂಟರ್ ಯಾರಿಗಾದರೂ ಏನಾದರೂ ಕಳಿಸುವ ಮುಂಚೆ "ಇವರು ನನ್ನ ಬೀದಿಯವರಾ?" ಅಂತ ನೋಡುತ್ತದೆ. ಹೌದಾದರೆ ನೇರವಾಗಿ ಕರೆಯುತ್ತದೆ. ಅಲ್ಲದಿದ್ದರೆ ಗೇಟ್‌ವೇಗೆ, ಅಂದರೆ ತನ್ನ ರೂಟರ್‌ಗೆ ಕೊಟ್ಟು ಕೈ ತೊಳೆದುಕೊಳ್ಳುತ್ತದೆ.

ಇಲ್ಲೇ ಮೊದಲ ಹೊಂಡ ಇದೆ. ಒಂದೇ ಕಂಪನಿಯ ಎರಡು ರೂಟರ್ ತಂದರೆ ಎರಡೂ ಡಬ್ಬಿಯಿಂದ ಒಂದೇ ಅಡ್ರೆಸ್ ಹೊತ್ತು ಬರುತ್ತವೆ, ಹೆಚ್ಚಾಗಿ 192.168.0.1 ಅಥವಾ 192.168.1.1. ಎರಡು ಬೀದಿಗೂ ಒಂದೇ ಹೆಸರು ಇದ್ದರೆ ಕಂಪ್ಯೂಟರ್ ಆ ಕಡೆಯವರನ್ನೂ ನನ್ನ ಬೀದಿಯವರೇ ಅಂದುಕೊಂಡು ಇಲ್ಲೇ ಕರೆಯುತ್ತಾ ಕೂರುತ್ತದೆ. ಪ್ಯಾಕೆಟ್ ರೂಟರ್ ಹತ್ತಿರ ಹೋಗುವುದೇ ಇಲ್ಲ. ಎರಡೂ ಬೇರೆ ಬೇರೆ ಇರಲೇಬೇಕು. ಮನೆಬಳಕೆಗೆ ಅಂತ ಮೀಸಲಿಟ್ಟ ಅಡ್ರೆಸ್‌ಗಳಲ್ಲಿ ಯಾವುದನ್ನಾದರೂ ಆರಿಸಿ: 192.168 ರಿಂದ ಶುರುವಾಗುವವು, 10 ರಿಂದ ಶುರುವಾಗುವವು, ಅಥವಾ 172.16 ರಿಂದ 172.31 ರವರೆಗಿನವು. ಮನಸ್ಸಿಗೆ ಬಂದ ನಂಬರ್ ಹಾಕಬೇಡಿ, ಅದು ಹೊರಗೆ ಯಾರದ್ದೋ ನಿಜವಾದ ಅಡ್ರೆಸ್ ಆಗಿರಬಹುದು.

3. ಚಿಕ್ಕ ರೂಟರ್‌ನ ಅಡ್ರೆಸ್ ಬದಲಾಯಿಸಿ (ಇನ್ನೂ ಕೇಬಲ್ ಜೋಡಿಸಬೇಡಿ)

ಚಿಕ್ಕ ರೂಟರ್‌ಗೆ ಕರೆಂಟ್ ಕೊಡಿ, ಅದರ ಲ್ಯಾನ್ ಪೋರ್ಟಿಗೆ ಲ್ಯಾಪ್‌ಟಾಪ್ ಒಂದನ್ನೇ ಜೋಡಿಸಿ. ಲ್ಯಾಪ್‌ಟಾಪ್‌ನ ವೈಫೈ ಆಫ್ ಮಾಡಿ. ಬ್ರೌಸರ್‌ನಲ್ಲಿ ರೂಟರ್‌ನ ಈಗಿನ ಅಡ್ರೆಸ್ ಟೈಪ್ ಮಾಡಿ ಅಡ್ಮಿನ್ ಪುಟಕ್ಕೆ ಹೋಗಿ, ಲ್ಯಾನ್ ಸೆಟ್ಟಿಂಗ್ಸ್‌ನಲ್ಲಿ 192.168.2.1 ಹಾಕಿ ಸೇವ್ ಮಾಡಿ.

ಸೇವ್ ಒತ್ತಿದ ಮೇಲೆ ಪುಟ ಸುತ್ತುತ್ತಲೇ ಇರುತ್ತದೆ. ಗಾಬರಿ ಬೇಡ, ನೀವು ನಿಂತಿದ್ದ ಕೊಂಬೆಯನ್ನೇ ಕಡಿದಿದ್ದೀರಿ ಅಷ್ಟೆ. ಹಳೇ ಅಡ್ರೆಸ್‌ನಲ್ಲಿ ಈಗ ಯಾರೂ ಇಲ್ಲ. ಕೇಬಲ್ ಕಿತ್ತು ಮತ್ತೆ ಹಾಕಿ, ಲ್ಯಾಪ್‌ಟಾಪ್‌ಗೆ 192.168.2 ಸಾಲಿನ ಹೊಸ ಅಡ್ರೆಸ್ ಸಿಗುತ್ತದೆ. ಆಮೇಲೆ 192.168.2.1 ತೆರೆಯಿರಿ. ಲ್ಯಾಪ್‌ಟಾಪ್‌ಗೆ 169.254 ರಿಂದ ಶುರುವಾಗುವ ಅಡ್ರೆಸ್ ಬಂದಿದ್ದರೆ, ಅಡ್ರೆಸ್ ಹಂಚುವವರು ಯಾರೂ ಸಿಗಲಿಲ್ಲ ಅಂತ ಅರ್ಥ. ರೂಟರ್ ಇನ್ನೂ ಏಳುತ್ತಿರಬಹುದು, ಒಂದೆರಡು ನಿಮಿಷ ಕಾಯಿರಿ.

ಡಿಎಚ್‌ಸಿಪಿ ಇಲ್ಲಿ ಆನ್ ಆಗಿಯೇ ಇರಲಿ. ಇದು ಬೇರೆ ಬೀದಿ, ಇಲ್ಲಿ ಹಂಚುವವರು ಇದೇ ರೂಟರ್. ಹಂಚುವ ಅಡ್ರೆಸ್‌ಗಳು 192.168.2 ಸಾಲಿಗೆ ಬದಲಾಗಿವೆಯಾ ಅಂತ ಮಾತ್ರ ನೋಡಿ. ಕೆಲವು ರೂಟರ್ ತಾವೇ ಬದಲಾಯಿಸಿಕೊಳ್ಳುತ್ತವೆ, ಕೆಲವು ಮಾಡುವುದಿಲ್ಲ.

4. ವ್ಯಾನ್‌ಗೆ ಖಾಯಂ ಅಡ್ರೆಸ್ ಕೊಡಿ

ಅದೇ ರೂಟರ್‌ನ ವ್ಯಾನ್ ಸೆಟ್ಟಿಂಗ್ಸ್‌ನಲ್ಲಿ "ಸ್ಟ್ಯಾಟಿಕ್ ಐಪಿ" ಆರಿಸಿ. ಅಡ್ರೆಸ್ 192.168.1.2, ಮಾಸ್ಕ್ 255.255.255.0, ಗೇಟ್‌ವೇ 192.168.1.1, ಡಿಎನ್‌ಎಸ್ ಕೂಡ 192.168.1.1. ಡಿಎನ್‌ಎಸ್ ಅಂದರೆ ವೆಬ್‌ಸೈಟ್ ಹೆಸರನ್ನು ನಂಬರ್‌ಗೆ ಬದಲಾಯಿಸಿ ಕೊಡುವ ಸೇವೆ.

ಖಾಯಂ ಯಾಕೆ? ಮುಂದೆ ದೊಡ್ಡ ರೂಟರ್‌ಗೆ "192.168.2 ಬೀದಿಗೆ ಹೋಗುವವರನ್ನೆಲ್ಲ 192.168.1.2 ಹತ್ತಿರ ಕಳಿಸು" ಅಂತ ಹೇಳಲಿದ್ದೇವೆ. ಆ ನಂಬರ್ ಒಂದು ದಿನ ಬದಲಾದರೆ ದಾರಿ ಮುಚ್ಚಿಹೋಗುತ್ತದೆ. ಜೊತೆಗೆ ದೊಡ್ಡ ರೂಟರ್‌ನ ಡಿಎಚ್‌ಸಿಪಿ 192.168.1.2 ಅನ್ನು ಬೇರೆ ಯಾರಿಗೋ ಹಂಚಿಬಿಡದ ಹಾಗೆ ನೋಡಿಕೊಳ್ಳಿ. ಹಂಚುವುದು 192.168.1.100 ರಿಂದ ಶುರುವಾಗಲಿ ಅಂತ ಇಟ್ಟರೆ ತಲೆನೋವಿಲ್ಲ.

5. ಜೋಡಿಸಿ, ಅರ್ಧ ಕೆಲಸ ನೋಡಿ

ದೊಡ್ಡ ರೂಟರ್‌ನ ಲ್ಯಾನ್ ಪೋರ್ಟಿನಿಂದ ಚಿಕ್ಕದರ ವ್ಯಾನ್ ಪೋರ್ಟಿಗೆ ಕೇಬಲ್ ಹಾಕಿ. ಈಗ ಚಿಕ್ಕ ಕಡೆಯ ಸಾಧನಗಳಿಗೆ ಇಂಟರ್ನೆಟ್ ಬರಬೇಕು. ಅಷ್ಟೇ ಅಲ್ಲ, ಚಿಕ್ಕ ಕಡೆಯಿಂದ ದೊಡ್ಡ ಕಡೆಯ ಸಾಧನಗಳೂ ಸಿಗುತ್ತವೆ. ದೊಡ್ಡ ಕಡೆಯಿಂದ ಚಿಕ್ಕ ಕಡೆಗೆ ಮಾತ್ರ ಏನೂ ಸಿಗುವುದಿಲ್ಲ.

ಕಾರಣ ನ್ಯಾಟ್. ಚಿಕ್ಕ ರೂಟರ್ ತನ್ನ ಹಿಂದೆ ಇರುವ ಎಲ್ಲರ ಪ್ಯಾಕೆಟ್ ಮೇಲೂ ಕಳಿಸಿದವರ ಅಡ್ರೆಸ್ ಅಳಿಸಿ ತನ್ನದೇ 192.168.1.2 ಬರೆದು ಹೊರಗೆ ಬಿಡುತ್ತದೆ. ಅದಕ್ಕೇ ನ್ಯಾಟ್ ಅನ್ನುವುದು. ಉತ್ತರ 192.168.1.2 ಗೆ ಬಂದಾಗ ಯಾರು ಕೇಳಿದ್ದರು ಅಂತ ನೆನಪಿಟ್ಟುಕೊಂಡು ಒಳಗೆ ತಲುಪಿಸುತ್ತದೆ. ಹೊರಗಿನವರು ತಾವಾಗಿ ಬಂದು ಬಾಗಿಲು ತಟ್ಟಿದರೆ ಯಾರಿಗೆ ಕೊಡಬೇಕು ಅಂತ ಅದಕ್ಕೆ ಗೊತ್ತಾಗುವುದಿಲ್ಲ, ಬಿಸಾಡುತ್ತದೆ.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ನಿಮಗೆ ಬೇಕಿರುವುದು ಎರಡೂ ಕಡೆಗೆ ಒಂದು ಪ್ರಿಂಟರ್ ಮಾತ್ರ ಆಗಿದ್ದರೆ ಆ ಪ್ರಿಂಟರನ್ನು ದೊಡ್ಡ ಕಡೆಗೆ ಸೇರಿಸಿಬಿಡಿ. ಎರಡೂ ಕಡೆಯಿಂದ ಸಿಗುತ್ತದೆ, ಇಲ್ಲಿಗೇ ಕೆಲಸ ಮುಗಿಯಿತು. ಚಿಕ್ಕ ಕಡೆಯವರಿಗೆ ಒಂದಿಷ್ಟು ಮರೆಯೂ ಉಳಿಯುತ್ತದೆ. ನನ್ನ ಕೇಳಿದರೆ ಬಹಳಷ್ಟು ಮನೆಗಳಿಗೆ ಇಷ್ಟೇ ಸಾಕು. ಆದರೆ ದೊಡ್ಡ ಕಡೆಯವರಿಗೆ ಇಂಥ ಮರೆ ಇಲ್ಲ ಅನ್ನುವುದು ನೆನಪಿರಲಿ. ನಂಬಿಕೆ ಇಲ್ಲದ ಅಗ್ಗದ ಕ್ಯಾಮೆರಾವನ್ನು ಚಿಕ್ಕ ರೂಟರ್ ಹಿಂದೆ ಕೂರಿಸಿ "ಈಗ ಸುರಕ್ಷಿತ" ಅಂದುಕೊಳ್ಳುವವರಿದ್ದಾರೆ. ಅದು ಉಲ್ಟಾ. ಹಾಗೆ ಕೂರಿಸಿದ ಕ್ಯಾಮೆರಾ ದೊಡ್ಡ ಕಡೆಯವರನ್ನೆಲ್ಲ ಮುಟ್ಟಬಲ್ಲದು, ದೊಡ್ಡ ಕಡೆಯವರು ಅದನ್ನು ಮುಟ್ಟಲಾರರು.

ಎರಡೂ ದಿಕ್ಕಿನಲ್ಲಿ ಬೇಕು ಅನ್ನುವವರು ಮುಂದೆ ಬನ್ನಿ.

6. ಚಿಕ್ಕ ರೂಟರ್‌ನಲ್ಲಿ ನ್ಯಾಟ್ ಆಫ್, ಫೈರ್‌ವಾಲ್‌ನಲ್ಲಿ ಕಿಂಡಿ

ಚಿಕ್ಕ ರೂಟರ್‌ನ ಸೆಟ್ಟಿಂಗ್ಸ್‌ನಲ್ಲಿ ನ್ಯಾಟ್ ಅನ್ನುವ ಹೆಸರು ಹುಡುಕಿ ಆಫ್ ಮಾಡಿ. ಕೆಲವು ರೂಟರ್‌ಗಳಲ್ಲಿ ಅದಕ್ಕೆ "ಗೇಟ್‌ವೇ ಮೋಡ್" ಮತ್ತು "ರೂಟರ್ ಮೋಡ್" ಅಂತ ಎರಡು ಆಯ್ಕೆ ಇರುತ್ತದೆ. ಎರಡನೆಯದು ನಮಗೆ ಬೇಕಾದ್ದು. ಓಪನ್‌ಡಬ್ಲ್ಯೂಆರ್‌ಟಿ (ರೂಟರ್‌ಗೆ ಹಾಕುವ ಉಚಿತ ತಂತ್ರಾಂಶ) ಹಾಕಿದ ರೂಟರ್ ಆದರೆ ಫೈರ್‌ವಾಲ್ ಪುಟದಲ್ಲಿ ವ್ಯಾನ್ ಸಾಲಿನ ಎದುರು "ಮಾಸ್ಕರೇಡಿಂಗ್" ಅನ್ನುವ ಟಿಕ್ ತೆಗೆಯಬೇಕು.

ನ್ಯಾಟ್ ತೆಗೆದರೆ ಸಾಲದು. ಫೈರ್‌ವಾಲ್, ಅಂದರೆ ಬಾಗಿಲ ಕಾವಲು, ಇನ್ನೂ ವ್ಯಾನ್ ಕಡೆಯಿಂದ ಬರುವವರನ್ನು ತಡೆಯುತ್ತಿರುತ್ತದೆ. ವ್ಯಾನ್‌ನಿಂದ ಲ್ಯಾನ್‌ಗೆ, 192.168.1 ಬೀದಿಯಿಂದ ಬಂದವರನ್ನು ಬಿಡು ಅನ್ನುವ ನಿಯಮ ಸೇರಿಸಿ. ಪಿಎಫ್‌ಸೆನ್ಸ್ ಥರದ ಫೈರ್‌ವಾಲ್ ತಂತ್ರಾಂಶ ಬಳಸುವವರು ವ್ಯಾನ್ ಪುಟದ ಕೆಳಗಿರುವ "ಖಾಸಗಿ ನೆಟ್‌ವರ್ಕ್‌ಗಳನ್ನು ತಡೆ" ಅನ್ನುವ ಆಯ್ಕೆಯ ಟಿಕ್ ತೆಗೆಯಬೇಕು. ಅದು ಇದ್ದರೆ ನೀವು ಬರೆದ ನಿಯಮಕ್ಕೆ ಬೆಲೆಯೇ ಇಲ್ಲ.

ಈ ಹಂತ ಮುಗಿದ ಕೂಡಲೇ ಚಿಕ್ಕ ಕಡೆಯವರ ಇಂಟರ್ನೆಟ್ ಹೋಗುತ್ತದೆ! ಹೋಗಲಿ. ಕಳಿಸಿದವರ ಅಡ್ರೆಸ್ ಈಗ 192.168.2 ಅಂತಲೇ ದೊಡ್ಡ ರೂಟರ್‌ಗೆ ತಲುಪುತ್ತಿದೆ, ಆ ಬೀದಿ ಎಲ್ಲಿದೆ ಅಂತ ದೊಡ್ಡದಕ್ಕೆ ಇನ್ನೂ ಗೊತ್ತಿಲ್ಲ. ಅದೇ ಕಥೆ, ವಾಪಸ್ ದಾರಿ ಇಲ್ಲ.

ನಿಮ್ಮ ರೂಟರ್‌ನಲ್ಲಿ ನ್ಯಾಟ್ ಆಫ್ ಮಾಡುವ ಆಯ್ಕೆಯೇ ಇಲ್ಲವಾ? ಮನೆಬಳಕೆಯ ಅಗ್ಗದ ರೂಟರ್‌ಗಳಲ್ಲಿ ಹೀಗಾಗುವುದು ಜಾಸ್ತಿ. ಆಗ ಪೋರ್ಟ್ ಫಾರ್ವರ್ಡಿಂಗ್ ಮೊರೆ ಹೋಗಿ. "192.168.1.2 ರ ಈ ಪೋರ್ಟ್ ನಂಬರ್‌ಗೆ ಯಾರೇ ಬಂದರೂ ಒಳಗಿನ ಇಂಥ ಸಾಧನಕ್ಕೆ ಕೊಡು" ಅನ್ನುವ ಸೂಚನೆ ಅದು. ಇಲ್ಲಿ ಪೋರ್ಟ್ ಅಂದರೆ ಕೇಬಲ್ ಚುಚ್ಚುವ ಕಿಂಡಿ ಅಲ್ಲ, ಒಂದೊಂದು ಸೇವೆಗೆ ಇರುವ ನಂಬರ್. ನೆಟ್‌ವರ್ಕ್ ಪ್ರಿಂಟರ್‌ಗೆ ಸಾಮಾನ್ಯವಾಗಿ 9100 ನೇ ಪೋರ್ಟ್. ದೊಡ್ಡ ಕಡೆಯ ಕಂಪ್ಯೂಟರ್‌ನಲ್ಲಿ ಪ್ರಿಂಟರ್ ಅಡ್ರೆಸ್ ಅಂತ 192.168.1.2 ಕೊಡಬೇಕು, ಪ್ರಿಂಟರ್‌ನ ನಿಜವಾದ ಅಡ್ರೆಸ್ ಅಲ್ಲ. ಒಂದೆರಡು ಸಾಧನಕ್ಕೆ ಇದು ಸಾಕು. ಹತ್ತು ಸಾಧನ ಇದ್ದರೆ ಹುಚ್ಚು ಹಿಡಿಯುತ್ತದೆ. ಈ ದಾರಿ ಹಿಡಿದವರಿಗೆ 7ನೇ ಹಂತ ಬೇಕಿಲ್ಲ.

7. ದೊಡ್ಡ ರೂಟರ್‌ಗೆ ದಾರಿ ಹೇಳಿಕೊಡಿ

ಇಡೀ ಕೆಲಸದ ಜೀವ ಇಲ್ಲಿದೆ. ದೊಡ್ಡ ರೂಟರ್‌ನ ಅಡ್ವಾನ್ಸ್ಡ್ ಭಾಗದಲ್ಲಿ "ಸ್ಟ್ಯಾಟಿಕ್ ರೂಟ್" ಅಥವಾ "ರೂಟಿಂಗ್" ಅಂತ ಇರುತ್ತದೆ. ಕೈಯಾರೆ ಬರೆದಿಟ್ಟ ದಾರಿ ಅಂತ ಅರ್ಥ. ಹೊಸ ಸಾಲು ಸೇರಿಸಿ:

ಹೋಗಬೇಕಾದ ನೆಟ್‌ವರ್ಕ್: 192.168.2.0
ಮಾಸ್ಕ್: 255.255.255.0
ಗೇಟ್‌ವೇ: 192.168.1.2
ಇಂಟರ್‌ಫೇಸ್ ಕೇಳಿದರೆ: ಲ್ಯಾನ್

ಮೂರು ತಪ್ಪು ಇಲ್ಲಿ ಮತ್ತೆ ಮತ್ತೆ ಆಗುತ್ತವೆ. ನೆಟ್‌ವರ್ಕ್ ಜಾಗದಲ್ಲಿ 192.168.2.1 ಅಂತ ಬರೆಯುವುದು ಒಂದು. ಅಲ್ಲಿ ಬೇಕಿರುವುದು ಇಡೀ ಬೀದಿಯ ಹೆಸರು, ಕೊನೆಗೆ ಸೊನ್ನೆ ಇರಬೇಕು. ಗೇಟ್‌ವೇ ಜಾಗದಲ್ಲಿ 192.168.2.1 ಹಾಕುವುದು ಇನ್ನೊಂದು, ಇದು ಎಲ್ಲಕ್ಕಿಂತ ಜಾಸ್ತಿ. ಯೋಚಿಸಿ ನೋಡಿ, ದೊಡ್ಡ ರೂಟರ್‌ಗೆ ಆ ಬೀದಿಯೇ ಗೊತ್ತಿಲ್ಲ, ಆ ಬೀದಿಯ ಮನೆ ನಂಬರ್ ಹೇಳಿ ಅಲ್ಲಿ ಕೇಳು ಅಂದರೆ ಅದು ಎಲ್ಲಿ ಹೋಗಬೇಕು? ತನಗೆ ಈಗಲೇ ಕೈಗೆ ಸಿಗುವ ಅಡ್ರೆಸ್ಸೇ ಗೇಟ್‌ವೇ ಆಗಬೇಕು, ಅದು 192.168.1.2. ಮೂರನೆಯದು ಇಂಟರ್‌ಫೇಸ್ ಜಾಗದಲ್ಲಿ ವ್ಯಾನ್ ಆರಿಸುವುದು.

ಚಿಕ್ಕ ರೂಟರ್‌ಗೆ ದಾರಿ ಹೇಳಬೇಕಿಲ್ಲ. ಅದರ ಒಂದು ಕಾಲು ಆ ಬೀದಿಯಲ್ಲಿ, ಇನ್ನೊಂದು ಈ ಬೀದಿಯಲ್ಲಿ ಇದೆ, ಎರಡೂ ಅದಕ್ಕೆ ಗೊತ್ತು.

ಸೇವ್ ಮಾಡಿದ ಮೇಲೆ ಚಿಕ್ಕ ಕಡೆ ಇಂಟರ್ನೆಟ್ ವಾಪಸ್ ಬರಬೇಕು. ಎರಡು ನೆಟ್‌ವರ್ಕ್ ನಡುವೆ ಎಲ್ಲ ಓಡಾಡುತ್ತಿದೆ, ಆದರೆ ಚಿಕ್ಕ ಕಡೆಗೆ ಇಂಟರ್ನೆಟ್ ಮಾತ್ರ ಇಲ್ಲ ಅಂದರೆ, ನಿಮ್ಮ ದೊಡ್ಡ ರೂಟರ್ ತನ್ನ ಸ್ವಂತ ಬೀದಿಯವರಿಗೆ ಮಾತ್ರ ನ್ಯಾಟ್ ಮಾಡಿಕೊಡುವ ಜಾತಿಯದ್ದು. ಅಂಥದ್ದರಲ್ಲಿ ನ್ಯಾಟ್ ನಿಯಮಕ್ಕೆ 192.168.2.0 ಸೇರಿಸುವ ಆಯ್ಕೆ ಇದೆಯಾ ಹುಡುಕಿ. ಇಲ್ಲದಿದ್ದರೆ ಚಿಕ್ಕದರಲ್ಲಿ ನ್ಯಾಟ್ ಮತ್ತೆ ಆನ್ ಮಾಡಿ ಪೋರ್ಟ್ ಫಾರ್ವರ್ಡಿಂಗ್‌ಗೆ ಮರಳುವುದೇ ವಾಸಿ.

ಇಂಟರ್ನೆಟ್ ಕಂಪನಿಯವರೇ ಕೊಟ್ಟ ರೂಟರ್‌ಗಳಲ್ಲಿ ಎಷ್ಟೋ ಸಲ ಸ್ಟ್ಯಾಟಿಕ್ ರೂಟ್ ಪುಟವನ್ನೇ ಮುಚ್ಚಿಟ್ಟಿರುತ್ತಾರೆ. ಆಗ 6ನೇ ಹಂತದ ನ್ಯಾಟ್ ಆಫ್ ಮಾಡುವ ಕೆಲಸಕ್ಕೆ ಕೈ ಹಾಕಬೇಡಿ, ಚಿಕ್ಕ ಕಡೆಯ ಇಂಟರ್ನೆಟ್ ಹೋದದ್ದು ಹಾಗೆಯೇ ಹೋಗಿಬಿಡುತ್ತದೆ.

8. ಪರೀಕ್ಷೆ: ಒಂದೊಂದೇ ಮೆಟ್ಟಿಲು

ನೇರವಾಗಿ ಫೈಲ್ ತೆರೆಯಲು ಹೋಗಬೇಡಿ. ಪಿಂಗ್ ಮಾಡಿ. ಪಿಂಗ್ ಅಂದರೆ "ಇದ್ದೀಯಾ?" ಅಂತ ಕೂಗಿ, "ಇದ್ದೀನಿ" ಅನ್ನುವ ಉತ್ತರಕ್ಕೆ ಕಾಯುವುದು. ದೊಡ್ಡ ಕಡೆಯ ಒಂದು ಕಂಪ್ಯೂಟರ್‌ನಿಂದ ಈ ಕ್ರಮದಲ್ಲಿ ನೋಡಿ: ಮೊದಲು 192.168.1.1, ಆಮೇಲೆ 192.168.1.2, ಆಮೇಲೆ 192.168.2.1, ಕೊನೆಗೆ ಚಿಕ್ಕ ಕಡೆಯ ಸಾಧನದ ಅಡ್ರೆಸ್, 192.168.2.50 ಅಂತಿಟ್ಟುಕೊಳ್ಳಿ.

ಎರಡನೆಯದು ಮತ್ತು ಮೂರನೆಯದು ಉತ್ತರಿಸದಿದ್ದರೆ ಆಗಲೇ ಸೋತೆ ಅನ್ನಬೇಡಿ. ವ್ಯಾನ್ ಕಡೆಯಿಂದ ಬಂದ ಪಿಂಗ್‌ಗೆ ಬಾಯಿ ಬಿಡದ ರೂಟರ್‌ಗಳು ಬೇಕಾದಷ್ಟಿವೆ. ಕೊನೆಯದು ಉತ್ತರಿಸಿದರೆ ಸಾಕು.

ಕೊನೆಯದೂ ಸುಮ್ಮನಿದ್ದರೆ ಟ್ರೇಸ್‌ರೂಟ್ ಓಡಿಸಿ. ಪ್ಯಾಕೆಟ್ ಯಾವ್ಯಾವ ರೂಟರ್ ದಾಟಿ ಹೋಯಿತು ಅಂತ ಸಾಲಾಗಿ ತೋರಿಸುತ್ತದೆ. ವಿಂಡೋಸ್‌ನಲ್ಲಿ ಆ ಕಮಾಂಡ್‌ನ ಅಕ್ಷರಗಳು ಟಿ, ಆರ್, ಎ, ಸಿ, ಇ, ಆರ್, ಟಿ. ಮೊದಲ ಸಾಲಿನಲ್ಲಿ 192.168.1.1, ಎರಡನೆಯದರಲ್ಲಿ 192.168.1.2 ಬಂದರೆ ದಾರಿ ಸರಿ ಇದೆ, ಅಲ್ಲಿಂದ ಮುಂದೆ ನಕ್ಷತ್ರ ಚಿಹ್ನೆಗಳೇ ಬಂದರೆ ಚಿಕ್ಕ ರೂಟರ್‌ನ ಫೈರ್‌ವಾಲ್ ಅಥವಾ ಆ ಸಾಧನದ ಫೈರ್‌ವಾಲ್ ತಡೆಯುತ್ತಿದೆ. ಎರಡನೇ ಸಾಲಿನಲ್ಲಿ ನೀವು ಕಂಡು ಕೇಳರಿಯದ ಅಡ್ರೆಸ್ ಬಂದರೆ ಪ್ಯಾಕೆಟ್ ಇಂಟರ್ನೆಟ್ ಕಡೆಗೆ ಓಡಿದೆ ಅಂತ ಅರ್ಥ. ಸ್ಟ್ಯಾಟಿಕ್ ರೂಟ್ ಸಾಲು ಸೇವ್ ಆಗಿಲ್ಲ, ಇಲ್ಲವೇ ತಪ್ಪಾಗಿದೆ.

ಪರೀಕ್ಷೆ ಮಾಡುವ ಕಂಪ್ಯೂಟರ್ ಗೆಸ್ಟ್ ವೈಫೈನಲ್ಲಿ ಇಲ್ಲ ತಾನೇ? ಗೆಸ್ಟ್ ವೈಫೈ ಇರುವುದೇ ಒಳಗಿನವರನ್ನು ಮುಟ್ಟದ ಹಾಗೆ ದೂರ ಇಡಲು. ಇದನ್ನು ನೋಡದೆ ನಾನೇ ಒಂದು ಸಂಜೆ ಪೂರ್ತಿ ಕಳೆದಿದ್ದೇನೆ.

9. ಪಿಂಗ್ ಆಗುತ್ತೆ, ಫೈಲ್ ತೆರೆಯಲ್ಲ

ಎರಡು ಕಾರಣ ಇರುತ್ತವೆ. ಸುಲಭದ್ದನ್ನು ಮೊದಲು ನೋಡೋಣ.

ವಿಂಡೋಸ್ ತನ್ನ ಫೈರ್‌ವಾಲ್‌ನಲ್ಲಿ ಫೈಲ್ ಮತ್ತು ಪ್ರಿಂಟರ್ ಹಂಚಿಕೆಯನ್ನು ಮೊದಲಿನಿಂದಲೇ "ಲೋಕಲ್ ಸಬ್‌ನೆಟ್"ಗೆ, ಅಂದರೆ ತನ್ನ ಬೀದಿಯವರಿಗೆ ಮಾತ್ರ ಬಿಟ್ಟಿರುತ್ತದೆ. ನೀವು ಈಗ ಪಕ್ಕದ ಬೀದಿಯಿಂದ ಬಂದವರು. ಫೈಲ್ ಇರುವ ಕಂಪ್ಯೂಟರ್‌ನಲ್ಲಿ ಫೈರ್‌ವಾಲ್‌ನ ಅಡ್ವಾನ್ಸ್ಡ್ ಪುಟ ತೆರೆದು, ಇನ್‌ಬೌಂಡ್ ನಿಯಮಗಳಲ್ಲಿ "ಫೈಲ್ ಆ್ಯಂಡ್ ಪ್ರಿಂಟರ್ ಶೇರಿಂಗ್" ಸಾಲುಗಳನ್ನು ಹುಡುಕಿ. ಅವುಗಳ "ಸ್ಕೋಪ್" ಪುಟದಲ್ಲಿ ರಿಮೋಟ್ ಐಪಿ ಪಟ್ಟಿಗೆ 192.168.1.0/24 ಸೇರಿಸಿ. ಆ /24 ಅನ್ನುವುದು 255.255.255.0 ಮಾಸ್ಕನ್ನೇ ಚಿಕ್ಕದಾಗಿ ಬರೆಯುವ ರೀತಿ. ಇದೇ ಕಾರಣಕ್ಕೆ ಪಿಂಗ್ ಕೂಡ ನಿಲ್ಲಬಹುದು, ಹಾಗಾಗಿ ಮೊದಲ ಪರೀಕ್ಷೆಗೆ ಪ್ರಿಂಟರ್‌ನಂಥ ಸಾಧನ ಆರಿಸಿಕೊಳ್ಳಿ. ಕೆಲವರು ಫೈರ್‌ವಾಲ್ಲನ್ನೇ ಪೂರ್ತಿ ಆಫ್ ಮಾಡಿ "ಈಗ ಸರಿ ಹೋಯ್ತು" ಅನ್ನುತ್ತಾರೆ. ಐದು ನಿಮಿಷ ಪರೀಕ್ಷೆಗೆ ಸರಿ, ಹಾಗೇ ಬಿಡಬೇಡಿ.

ಎರಡನೆಯದು ಸ್ವಲ್ಪ ಸೂಕ್ಷ್ಮ. ದೊಡ್ಡ ಕಡೆಯ ಕಂಪ್ಯೂಟರ್ ಕಳಿಸಿದ್ದು ದೊಡ್ಡ ರೂಟರ್‌ಗೆ ಹೋಗಿ, ಅಲ್ಲಿಂದ ಚಿಕ್ಕದಕ್ಕೆ, ಅಲ್ಲಿಂದ ಒಳಗೆ. ಉತ್ತರ ಬರುವಾಗ? ಚಿಕ್ಕ ರೂಟರ್‌ನ ಒಂದು ಕಾಲು 192.168.1 ಬೀದಿಯಲ್ಲೇ ಇದೆಯಲ್ಲ, ಅದು ದೊಡ್ಡ ರೂಟರ್ ಹತ್ತಿರ ಹೋಗದೆ ಕಂಪ್ಯೂಟರ್‌ಗೆ ನೇರವಾಗಿ ಕೊಟ್ಟುಬಿಡುತ್ತದೆ. ದೊಡ್ಡ ರೂಟರ್‌ಗೆ ಕಾಣುವುದು ಒಂದೇ ಬದಿಯ ಮಾತು. ಫೋನ್‌ನಲ್ಲಿ ಮಾತಾಡುವವರ ಪಕ್ಕ ಕೂತ ಹಾಗೆ. ಕೆಲವು ರೂಟರ್ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೆಲವು ಮಾತ್ರ "ಉತ್ತರವೇ ಬರದ ಸಂಪರ್ಕ ಇದೇನೋ ಮೋಸ" ಅಂದುಕೊಂಡು ಕತ್ತರಿಸುತ್ತವೆ. ಪಿಂಗ್ ಆಗುತ್ತದೆ, ಫೈಲ್ ಶುರುವಾಗಿ ನಿಂತುಬಿಡುತ್ತದೆ, ಅಡ್ಮಿನ್ ಪುಟ ಅರ್ಧ ತೆರೆದುಕೊಳ್ಳುತ್ತದೆ. ಲಕ್ಷಣ ಹೀಗಿದ್ದರೆ ಇದೇ ರೋಗ ಅಂತ ಗುಮಾನಿ ಪಡಿ.

ಮದ್ದು: ಬೇಕಾದ ಒಂದೆರಡು ಕಂಪ್ಯೂಟರ್‌ಗಳಿಗೆ ದಾರಿಯನ್ನು ನೇರವಾಗಿ ಕಲಿಸಿಬಿಡಿ. ವಿಂಡೋಸ್‌ನಲ್ಲಿ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಕಿಟಕಿ ತೆರೆದು ಈ ಸಾಲು ಕೊಡಿ, ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ:

ರೂಟ್ -ಪಿ ಆ್ಯಡ್ 192.168.2.0 ಮಾಸ್ಕ್ 255.255.255.0 192.168.1.2

ನಡುವಿನ -ಪಿ ಇರುವುದು ಕಂಪ್ಯೂಟರ್ ರೀಸ್ಟಾರ್ಟ್ ಆದ ಮೇಲೂ ದಾರಿ ಉಳಿಯಲಿ ಅಂತ. ಬಿಟ್ಟರೆ ನಾಳೆ ಬೆಳಿಗ್ಗೆ ಮತ್ತೆ ಅದೇ ಗೋಳು. ಈಗ ಕಂಪ್ಯೂಟರ್ ದೊಡ್ಡ ರೂಟರನ್ನು ಕೇಳದೆ ನೇರ ಚಿಕ್ಕದಕ್ಕೆ ಕೊಡುತ್ತದೆ, ಹೋಗುವುದೂ ಬರುವುದೂ ಒಂದೇ ದಾರಿಯಲ್ಲಿ. ದೊಡ್ಡ ರೂಟರ್‌ನ ಸಾಲನ್ನು ಅಳಿಸಬೇಡಿ, ಉಳಿದವರಿಗೆ ಮತ್ತು ಚಿಕ್ಕ ಕಡೆಯ ಇಂಟರ್ನೆಟ್‌ಗೆ ಅದು ಬೇಕು.

10. ಅಡ್ರೆಸ್ ಕೊಟ್ಟರೆ ಸಿಗುತ್ತೆ, ಪಟ್ಟಿಯಲ್ಲಿ ಕಾಣಲ್ಲ

ಇದು ದೋಷ ಅಲ್ಲ. ಪ್ರಿಂಟರ್, ಟೀವಿ, ಸ್ಪೀಕರ್ ತಾವಾಗಿ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದು "ನಾನಿಲ್ಲಿದ್ದೇನೆ" ಅಂತ ಬೀದಿಯಲ್ಲಿ ಕೂಗಿ. ಎಂಡಿಎನ್‌ಎಸ್ ಅನ್ನುವ ಈ ಕೂಗಾಟ 224.0.0.251 ಅನ್ನುವ ವಿಶೇಷ ಅಡ್ರೆಸ್‌ಗೆ ಹೋಗುತ್ತದೆ, ರೂಟರ್ ಅದನ್ನು ದಾಟಿಸುವುದಿಲ್ಲ. ಹಾಗಾಗಿ ಪ್ರಿಂಟರನ್ನು ಅಡ್ರೆಸ್ ಕೊಟ್ಟೇ ಸೇರಿಸಿ. ಆ ಅಡ್ರೆಸ್ ಬದಲಾಗದಂತೆ ಚಿಕ್ಕ ರೂಟರ್‌ನ ಡಿಎಚ್‌ಸಿಪಿಯಲ್ಲಿ ಅದಕ್ಕೆ ರಿಸರ್ವ್ ಮಾಡಿಡಿ. ಫೋನ್‌ನಿಂದ ಟೀವಿಗೆ ವೀಡಿಯೊ ಎಸೆಯುವುದಕ್ಕಾದರೆ ಫೋನ್ ಮತ್ತು ಟೀವಿ ಒಂದೇ ಕಡೆ ಇರಲಿ, ಅದರ ಜೊತೆ ಗುದ್ದಾಡಬೇಡಿ. ಓಪನ್‌ಡಬ್ಲ್ಯೂಆರ್‌ಟಿಯಂಥದ್ದು ಇರುವವರು ಅವಾಹಿ ಅನ್ನುವ ತಂತ್ರಾಂಶದ ರಿಫ್ಲೆಕ್ಟರ್ ಸೌಲಭ್ಯ ಬಳಸಿ ಈ ಕೂಗನ್ನು ಎರಡೂ ಕಡೆ ದಾಟಿಸಬಹುದು.

11. ಎರಡೂ ಕಡೆ ಬೇರೆ ಬೇರೆ ಇಂಟರ್ನೆಟ್ ಇದ್ದರೆ

ಎರಡು ರೂಟರ್‌ನ ವ್ಯಾನ್ ಪೋರ್ಟೂ ತುಂಬಿದೆ, ಎಲ್ಲಿ ಜೋಡಿಸುವುದು? ಲ್ಯಾನ್‌ನಿಂದ ಲ್ಯಾನ್‌ಗೆ ಸುಮ್ನೆ ಕೇಬಲ್ ಹಾಕಬೇಡಿ. ಎರಡು ಡಿಎಚ್‌ಸಿಪಿ ಒಂದೇ ಬೀದಿಗೆ ಬಂದು ಜಗಳ ಶುರುವಾಗುತ್ತದೆ.

ಮೂಲೆಯಲ್ಲಿ ಬಿದ್ದಿರುವ ಹಳೇ ರೂಟರ್ ಒಂದಿದ್ದರೆ ಅದನ್ನು ಮಧ್ಯಸ್ಥನಾಗಿ ಮಾಡಿ, ಅದರಲ್ಲಿ ನ್ಯಾಟ್ ಆಫ್ ಆಗಬೇಕು ಅಷ್ಟೆ. ಅದರ ವ್ಯಾನ್‌ಗೆ 192.168.1.2 ಕೊಟ್ಟು ಮೊದಲ ರೂಟರ್‌ನ ಲ್ಯಾನ್‌ಗೆ ಜೋಡಿಸಿ. ಲ್ಯಾನ್‌ಗೆ 192.168.2.2 ಕೊಟ್ಟು ಎರಡನೇ ರೂಟರ್‌ನ ಲ್ಯಾನ್‌ಗೆ ಜೋಡಿಸಿ. ಅದರ ಡಿಎಚ್‌ಸಿಪಿ ಮತ್ತು ನ್ಯಾಟ್ ಎರಡೂ ಆಫ್. ಫೈರ್‌ವಾಲ್‌ನಲ್ಲಿ ಎರಡೂ ದಿಕ್ಕಿಗೆ ಅನುಮತಿ. ಆಮೇಲೆ ಮೊದಲ ರೂಟರ್‌ನಲ್ಲಿ "192.168.2.0 ಗೆ ಹೋಗಲು 192.168.1.2" ಅಂತ, ಎರಡನೆಯದರಲ್ಲಿ "192.168.1.0 ಗೆ ಹೋಗಲು 192.168.2.2" ಅಂತ ಸ್ಟ್ಯಾಟಿಕ್ ರೂಟ್ ಬರೆಯಿರಿ. ಎರಡೂ ಕಡೆ ಬರೆಯಬೇಕು. ಒಂದೇ ಕಡೆ ಬರೆದರೆ ಏನಾಗುತ್ತೆ ಅಂತ ಇಷ್ಟು ಹೊತ್ತಿಗೆ ನಿಮಗೇ ಗೊತ್ತಿರಬೇಕು, ಅಲ್ವಾ? ಪ್ರತಿಯೊಬ್ಬರ ಇಂಟರ್ನೆಟ್ ಅವರವರ ರೂಟರ್ ಮೂಲಕವೇ ಹೋಗುತ್ತದೆ, ಪರಸ್ಪರ ಮಾತು ಮಾತ್ರ ಮಧ್ಯಸ್ಥನ ಮೂಲಕ. ಒಂದೇ ಬದಿಯ ಮಾತು ಕೇಳಿ ಸಂಪರ್ಕ ಕತ್ತರಿಸುವ ತೊಂದರೆ ಇಲ್ಲೂ ಬರಬಹುದು, ಮದ್ದು 9ನೇ ಹಂತದ್ದೇ.

ಎರಡು ಬೇರೆ ಕಟ್ಟಡಗಳ ನಡುವೆ ತಾಮ್ರದ ಕೇಬಲ್ ಬಯಲಲ್ಲಿ ಎಳೆಯಬೇಡಿ. ಹತ್ತಿರದಲ್ಲಿ ಸಿಡಿಲು ಹೊಡೆದರೆ ಎರಡೂ ಕಡೆಯ ಸಾಧನ ಸುಟ್ಟುಹೋಗಬಹುದು. ಅಲ್ಲಿಗೆ ಫೈಬರ್ ಸರಿ.

ಎರಡು ಮನೆ ಬೇರೆ ಬೇರೆ ಊರಲ್ಲಿದ್ದರೆ ಕೇಬಲ್ ಜಾಗಕ್ಕೆ ವಿಪಿಎನ್ ಬರುತ್ತದೆ, ಅಂದರೆ ಇಂಟರ್ನೆಟ್ ಒಳಗೇ ಎಳೆದ ಗುಟ್ಟಾದ ಸುರಂಗ. ವೈರ್‌ಗಾರ್ಡ್ ಅನ್ನುವ ವಿಪಿಎನ್ ತಂತ್ರಾಂಶ ಇದಕ್ಕೆ ಒಳ್ಳೆಯದು, 2020ರಲ್ಲಿ ಲಿನಕ್ಸ್ ಕರ್ನಲ್‌ಗೇ (ಲಿನಕ್ಸ್ ವ್ಯವಸ್ಥೆಯ ತಿರುಳಿಗೆ) ಸೇರಿದೆ, ಅದನ್ನು ಬೆಂಬಲಿಸುವ ರೂಟರ್‌ಗಳೂ ಸಿಗುತ್ತವೆ. ಅಲ್ಲೂ ಎರಡು ಬೀದಿಯ ಹೆಸರು ಬೇರೆ ಇರಬೇಕು, ಅಲ್ಲೂ ಎರಡೂ ತುದಿಯಲ್ಲಿ ಆಚೆ ಕಡೆಯ ನೆಟ್‌ವರ್ಕ್ ಬರೆಯಬೇಕು. ಒಂದು ತುದಿಗಾದರೂ ಹೊರಗಿನಿಂದ ಮುಟ್ಟಬಹುದಾದ ಐಪಿ ಅಡ್ರೆಸ್ ಬೇಕು. ನಿಮ್ಮ ರೂಟರ್‌ನ ವ್ಯಾನ್ ಅಡ್ರೆಸ್ 100.64 ರಿಂದ 100.127 ರ ನಡುವೆ ಶುರುವಾಗುತ್ತಿದ್ದರೆ ನಿಮ್ಮ ಇಂಟರ್ನೆಟ್ ಕಂಪನಿ ಅದರ ಮೇಲೆ ಇನ್ನೊಂದು ನ್ಯಾಟ್ ಹಾಕಿದೆ, ಆ ತುದಿಗೆ ಹೊರಗಿನಿಂದ ಬರಲಾಗದು. ಇನ್ನೊಂದು ತುದಿಯನ್ನು ನೋಡಿ.

12. ಎದ್ದು ಹೋಗುವ ಮುಂಚೆ

ಎರಡೂ ರೂಟರ್‌ನ ಸೆಟ್ಟಿಂಗ್ಸ್ ಬ್ಯಾಕಪ್ ಫೈಲ್ ಇಳಿಸಿಟ್ಟುಕೊಳ್ಳಿ. ಸಾಫ್ಟ್‌ವೇರ್ ಅಪ್‌ಡೇಟ್ ಆದ ಮೇಲೆ ನ್ಯಾಟ್ ತಾನಾಗಿಯೇ ಆನ್ ಆಗಿ ಕೂತಿದ್ದನ್ನು ಕಂಡಿದ್ದೇನೆ, ಹಾಗಾಗಿ ಪ್ರತಿ ಅಪ್‌ಡೇಟ್ ನಂತರ 192.168.2.50 ಗೆ ಒಂದು ಪಿಂಗ್ ಮಾಡಿ ನೋಡಿ. ನ್ಯಾಟ್ ಆಫ್ ಮಾಡಿದ ಚಿಕ್ಕ ರೂಟರನ್ನು ಮುಂದೆಂದಾದರೂ ಕಿತ್ತು ನೇರವಾಗಿ ಇಂಟರ್ನೆಟ್‌ಗೆ ಸೇರಿಸುವ ಸಂದರ್ಭ ಬಂದರೆ ಮೊದಲು ಅದನ್ನು ಫ್ಯಾಕ್ಟರಿ ರಿಸೆಟ್ ಮಾಡಿ. ಇಲ್ಲದಿದ್ದರೆ ಇಂಟರ್ನೆಟ್ಟೂ ಬರುವುದಿಲ್ಲ, ಫೈರ್‌ವಾಲ್‌ನಲ್ಲಿ ನೀವು ತೆಗೆದಿಟ್ಟ ಕಿಂಡಿಯೂ ಹಾಗೇ ತೆರೆದಿರುತ್ತದೆ. ಆ ನಂಬರ್‌ಗಳ ಹಾಳೆಯನ್ನು ರೂಟರ್ ಕೆಳಗೆ ಅಂಟಿಸಿಡಿ, ಅಡ್ಮಿನ್ ಪಾಸ್‌ವರ್ಡನ್ನು ಮಾತ್ರ ಅದರಲ್ಲಿ ಬರೆಯಬೇಡಿ.